ನಾಲ್ಕನೇ ಜೊತೆ

ನನ್ನ ಎಡಗಾಲಿನ ಹೆಬ್ಬೆರಳು ಹೋದದ್ದರಲ್ಲಿ ತಪ್ಪು ಇಬ್ಬರದು. ತೊಗಲನ್ನು ಎಳಿ ಅಂತ ಹಟ ಹಿಡಿದವಳು ನಾನು. ಎಳೆದರೆ ಏನಾಗುತ್ತೆ ಅಂತ ಗೊತ್ತಿದ್ದೂ ಎಳೆದು ಚಪ್ಪಲಿ ಮಾಡಿಕೊಟ್ಟವನು ಆತ. ಊರಿನವರು ಪೂರಾ ಆತನ ತಲೆಗೇ ಕಟ್ಟಿದರು, ಆತನೂ ಕಟ್ಟಿಸಿಕೊಂಡ. ನನಗೆ ಅದು ಅನುಕೂಲವಾಯಿತು, ಸುಮ್ಮನಾದೆ. ನಡೆದದ್ದು ಇಷ್ಟೇ. ಇನ್ನು ಆತ ಎಂಥ ಮನುಷ್ಯ ಅನ್ನೋದನ್ನ ಬರೆಯಬೇಕು.

'ಆತ' ಅಂತ ಬರೆಯುತ್ತಿದ್ದೇನೆ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಬದುಕಿದ್ದಾಗ ನೀನು ಅಂತಲೇ ಕರೆದೆ, ಈಗ ಸತ್ತ ಮೇಲೆ 'ಅವರು' ಅಂದರೆ ನಗುತ್ತಾನೆ. ಹೆಸರು ಬರೆಯುವುದಿಲ್ಲ. ಹೆಸರು ನಮ್ಮ ಮನೆಯಿಂದ ಈಗಾಗಲೇ ಸಾಕಷ್ಟು ಕೆಟ್ಟಿದೆ.

ಕೆ. ಹೊಸಕೋಟೆಯಲ್ಲಿ ಬಸ್ಸು ನಿಲ್ಲುವ ಕಡೆ ಗೊಬ್ಬರದ ಅಂಗಡಿ ಗೋಡೆಗೆ ಒಂದು ನೀಲಿ ಟಾರ್ಪಾಲು ಕಟ್ಟಿಕೊಂಡು ಕೂರುತ್ತಿದ್ದ. ಚಪ್ಪಲಿ ಹೊಲಿಯುವುದು, ಕೊಡೆ ರಿಪೇರಿ, ಸ್ಕೂಲ್ ಬ್ಯಾಗಿನ ಜಿಪ್ಪು, ಕಾಫಿ ಗಿಡ ಸವರುವ ಕತ್ತಿಗೆ ಒರೆ, ದನದ ಕೊರಳಿಗೆ ಪಟ್ಟಿ. ತೊಗಲನ್ನು ತಾನೇ ಹದ ಮಾಡುವವನು ನಮ್ಮ ಸುತ್ತಮುತ್ತ ಆತನೊಬ್ಬನೇ ಉಳಿದಿದ್ದ. ಮನೆ ಹಿಂದೆ ಸುಣ್ಣದ ತೊಟ್ಟಿ ಒಂದು, ತಂಗಡಿ ತೊಗಟೆ ಅಳಲೆಕಾಯಿ ಕೊಳೆಹಾಕಿದ ನೀರಿನ ತೊಟ್ಟಿ ಒಂದು. ಗಾಳಿ ಆ ಕಡೆಯಿಂದ ಬಂದರೆ ಬಸ್ಸಿನಲ್ಲಿ ಕೂತವರು ಮೂಗು ಮುಚ್ಚುತ್ತಿದ್ದರು. ಆತನಿಗೆ ಅದು ನಗು. "ಮೂಗು ಮುಚ್ಕೊಂಡೋರ ಕಾಲೆಲ್ಲಾ ನನ್ ಅಂಗಡಿಗೇ ಬರ್ತವೆ ಬುಡಿ" ಅನ್ನುತ್ತಿದ್ದ.

ಜನರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ನಾನು ಬಸ್ಸಿಂದ ಇಳಿಯುವ ಮೊದಲೇ, "ಅಮ್ಮಾರೆ, ಬಲಗಡೆ ಹಿಮ್ಮಡಿ ತಿಂತಾ ಐತೆ, ಸೊಂಟ ಹಿಡ್ಕೊಂಡೈತಾ?" ಅಂತ ಕೂಗುವುದು. ಯಾರ ಮನೆಯ ಮದುವೆ ಮಾತು ಮುರಿಯಿತು, ಯಾರು ಯಾರ ಮನೆಗೆ ಓಡಾಡುತ್ತಿದ್ದಾರೆ ಎಲ್ಲಾ ಚಪ್ಪಲಿಯಲ್ಲೇ ಹೇಳುತ್ತಿದ್ದ. ಅರ್ಧ ನಿಜ, ಅರ್ಧ ಕಟ್ಟಿದ್ದು. ಬಾಯಿ ಬಹಳ. ಜಂಬ ಅದಕ್ಕಿಂತ ಜಾಸ್ತಿ. ಇಷ್ಟೆಲ್ಲಾ ಮಾಡಿ ತಾನು ಮಾತ್ರ ರಬ್ಬರ್ ಹವಾಯಿ ಹಾಕುತ್ತಿದ್ದ. "ಯಾಕೋ ಮಾರಾಯ, ನಿನ್ನ ಕೈಯಿಂದು ನಿನಗೇ ನಂಬಿಕೆ ಇಲ್ವಾ?" ಅಂದರೆ, "ನಾನ್ ಹಾಕ್ಕೊಂಡ್ರೆ ಸವೀತದೆ, ನಿಮಗೆ ಹಾಕಿದ್ರೆ ಕಾಸು ಬತ್ತದೆ" ಅಂದ.

ಲೋಟದ ವಿಷಯ ಹೇಳದೆ ಹೋದರೆ ಇದನ್ನು ಬರೆದು ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಆತನ ಕುಲದವರಿಗೆ ಬೇರೆ ಲೋಟ ಇತ್ತು, ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿರುತ್ತಿತ್ತು. ಅತ್ತೆ ಇಟ್ಟಿದ್ದು, ಅತ್ತೆ ಹೋದ ಮೇಲೂ ನಾನು ತೆಗೆಯಲಿಲ್ಲ. ಒಂದು ದಿನ ಆತ ಚೀಲದಿಂದ ತನ್ನದೇ ಸ್ಟೀಲ್ ಲೋಟ ತೆಗೆದು ಜಗಲಿ ಮೇಲೆ ಇಟ್ಟ. ಹೆಸರು ಕೊರೆಸಿದ್ದ. ನಮ್ಮ ಮನೆ ಲೋಟದ ಎರಡರಷ್ಟಿತ್ತು. "ನಿಮ್ಮದು ತೊಳೆಯೋ ತಾಪತ್ರಯ ಬ್ಯಾಡ ಅಮ್ಮಾರೆ, ಇದ್ಕೆ ಹಾಕ್ಬುಡಿ" ಅಂದ. ಹಾಕಿದೆ. ನಾನು ಮಾಡಿದ ಕಾಫಿಯೆಲ್ಲಾ ಅದಕ್ಕೇ ಹೋಯಿತು, ಮನೆಯವರಿಗೆ ಮತ್ತೆ ಪಾತ್ರೆ ಇಟ್ಟೆ. ಆತ ಕೆಳಗೆ ಕೂತು ನಿಧಾನಕ್ಕೆ ಊದಿ ಊದಿ ಕುಡಿದ. ಆಮೇಲೆ ಬಂದಾಗಲೆಲ್ಲಾ ಅದೇ ಲೋಟ. ಕೊಟ್ಟಿಗೆಯ ಲೋಟ ತುಕ್ಕು ಹಿಡಿದು ಹೋಯಿತು, ಬಿಸಾಡುವ ಮಾತೇ ಬರಲಿಲ್ಲ.

ಈಗ ಎಮ್ಮೆಯ ವಿಷಯ. ಹೋದ ವರ್ಷದ ಹಿಂದಿನ ವರ್ಷ, ಕಾಫಿ ಕೊಯ್ಲು ಮುಗಿದ ಹೊತ್ತಿಗೆ ನಮ್ಮ ಮುದಿ ಎಮ್ಮೆ ಸತ್ತಿತು. ಮಗ ಜೆಸಿಬಿ ಕರೆಸಿ ಗುಂಡಿ ತೆಗೆಸುತ್ತೇನೆ ಅಂದ. ಅಷ್ಟು ದೊಡ್ಡ ತೊಗಲು ಮಣ್ಣಿಗೆ ಹಾಕೋದಾ ಅಂತ ನಾನು ಆತನಿಗೆ ಹೇಳಿ ಕಳಿಸಿದೆ. ಹಿಂದೆ ಹಾಗೇ ಇತ್ತು: ಮನೆಯ ದನ ಸತ್ತರೆ ಆತನ ಅಪ್ಪ ಬಂದು ಒಯ್ಯುತ್ತಿದ್ದ, ಹದ ಮಾಡಿ ಮನೆಗೆ ನಾಲ್ಕು ಜೊತೆ ಮೆಟ್ಟು ತಂದುಕೊಡುತ್ತಿದ್ದ, ಸುಗ್ಗಿಯಲ್ಲಿ ಭತ್ತ ಅಳೆಸಿಕೊಂಡು ಹೋಗುತ್ತಿದ್ದ. ಒಂದು ತೊಗಲು, ನಾಲ್ಕು ಜೊತೆ. ಅದು ನನ್ನ ತಲೆಯಲ್ಲಿ ಕೂತಿತ್ತು.

ನಾನು ಲೆಕ್ಕ ಹಾಕಿಟ್ಟಿದ್ದೆ. ಇಬ್ಬರು ಸೊಸೆಯರು, ಮಗಳು, ನಾನು. ನಮ್ಮ ಎಮ್ಮೆಯ ತೊಗಲು ಬೇರೆಯವರ ಕಾಲಿಗೆ ಹೋಗಬಾರದು ಅಂತ ನೋಡಿಕೊಂಡು ಬರೋಕೆ ಆತನ ಮನೆಗೇ ಹೋದೆ. ಅಷ್ಟು ವರ್ಷದಲ್ಲಿ ಆ ಮನೆಗೆ ನಾನು ಹೋದದ್ದು ಅದೇ ಮೊದಲು. ಹೋದದ್ದೂ ಅನುಮಾನ ಪಟ್ಟು.

ತೊಗಲು ತೊಗಟೆನೀರಿನಿಂದ ಮೇಲೆ ಬಂದಿತ್ತು, ಒದ್ದೆ. ಆತ ಅಂಚು ಬಾಯಿಗೆ ಹಾಕಿ ಕಚ್ಚಿ ನೋಡಿ ಉಗಿದ. ಹದ ಬಂದಿದ್ಯೋ ಇಲ್ಲವೋ ಹಲ್ಲಿಗೇ ಗೊತ್ತಾಗೋದಂತೆ.

"ಮೂರು ಜೊತೆ ಅಮ್ಮಾರೆ. ಬೆನ್ನಿಂದು ಮೂರಕ್ಕೆ ಆಯ್ತದೆ. ಈ ಪಕ್ಕೆ ಎಲ್ಲಾ ಮುಳ್ಳುತಂತಿ ಗೀರಿ ಹಾಳಾಗೈತೆ. ಮಿಕ್ಕಿದ್ದು ಹೊಟ್ಟೆ. ಹೊಟ್ಟೆ ತೊಗಲು ಜಾಳು, ಅದನ್ನ ನೆಚ್ಕೊಳಂಗಿಲ್ಲ."

"ನಾಲ್ಕು ಬೇಕಲ್ಲೋ."

"ಒಬ್ರಿಗೆ ಪ್ಯಾಟೇಲಿ ಕೊಡ್ಸಿ."

"ಒದ್ದೆ ಐತಲ್ಲ, ಎಳಿ. ಎಳೆದು ಮೊಳೆ ಹೊಡೆದು ಒಣಗಿಸಿದ್ರೆ ಸಾಲಲ್ವಾ?"

"ಸಾಲ್ತದೆ" ಅಂದ. "ಸಾಲೋದೇ ತೊಂದರೆ."

ಒಳಗೆ ಹೋಗಿ ಎರಡು ಪಟ್ಟಿ ತಂದ. ಒಂದೇ ತೊಗಲಿನದು, ಒಂದೇ ಉದ್ದಕ್ಕೆ ಕತ್ತರಿಸಿದ್ದಂತೆ. ಒಂದನ್ನು ಒದ್ದೆ ಇದ್ದಾಗಲೇ ಹಲಸಿನ ಕೊಂಬೆಗೆ ಕಟ್ಟಿ ಕೆಳಗೆ ಗುಂಡುಕಲ್ಲು ನೇತು ಬಿಟ್ಟು ಒಣಗಿಸಿದ್ದ. ಇನ್ನೊಂದನ್ನು ನೆರಳಲ್ಲಿ ಸುಮ್ಮನೆ ಹಾಕಿ, ಕೈಯಲ್ಲಿ ಮಿದ್ದು ಮಿದ್ದು ಒಣಗಿಸಿದ್ದ. ಕಲ್ಲು ಕಟ್ಟಿದ್ದು ಒಂದು ಗೇಣು ಉದ್ದವಾಗಿ, ತೆಳ್ಳಗಾಗಿ, ಹಂಚಿನ ಹಾಗೆ ಗಟ್ಟಿಯಾಗಿ ಮಿಂಚುತ್ತಿತ್ತು. ನೋಡೋಕೆ ಅದೇ ಚಂದ.

"ಮಡ್ಚಿ" ಅಂದ. ಮಡಚಿದೆ, ಚಟಚಟ ಅಂತು. "ಎಳೀರಿ" ಅಂದ. ಎಳೆದೆ, ಕೂದಲಷ್ಟೂ ಜಗ್ಗಲಿಲ್ಲ. ಇನ್ನೊಂದು ರೊಟ್ಟಿಯ ಹಾಗೆ ಮಡಚಿಕೊಂಡಿತು, ಎಳೆದರೆ ಸ್ವಲ್ಪ ಬಂದು, ಬಿಟ್ಟರೆ ವಾಪಸ್ಸು ಹೋಯಿತು.

"ಈ ಎಳೆದದ್ದು ನೊಗಕ್ಕೆ ಕಟ್ಟೋ ಬಾರಿಗೆ ಸರಿ. ಬಾರು ಆಮೇಲೆ ಉದ್ದ ಆಗಬಾರ್ದು, ಅದ್ಕೆ ಮೊದ್ಲೇ ಎಳೆದು ಸುಸ್ತು ಮಾಡಿರ್ಬೇಕು. ಕಾಲಿಗೆ ಬ್ಯಾಡ. ಕಾಲು ಬೆಳಿಗ್ಗೆ ಒಂದು ಥರ, ಸಂಜೆ ಊದ್ಕೊಂಡು ಇನ್ನೊಂದು ಥರ. ತೊಗಲು ವಸಿ ಬುಟ್ಟುಕೊಡ್ಬೇಕು. ಎಳೆಸ್ಕೊಂಡು ಒಣಗಿದ್ದರ ತಾವ ಬುಟ್ಟುಕೊಡೋಕೆ ಏನೂ ಉಳ್ದಿರಲ್ಲ."

ಎರಡನ್ನೂ ಬಕೆಟ್ಟಿನ ನೀರಿಗೆ ಹಾಕಿ ಎಲೆಅಡಿಕೆ ಹಾಕಿಕೊಂಡು ಕೂತ. ಬಾಯಿ ಕೆಂಪಾಗುವ ಹೊತ್ತಿಗೆ ತೆಗೆದ. ಉದ್ದದ್ದು ಸುರುಟಿಕೊಂಡು, ಮುದುಡಿ, ಇನ್ನೊಂದರ ಪಕ್ಕ ಹಿಡಿದರೆ ಸರಿಸಮ ಬಂದಿತ್ತು.

"ನೋಡಿ. ಎಲ್ಲಿಂದ ಹೊಂಟಿತ್ತೋ ಅಲ್ಲಿಗೇ ಬಂತು. ಮಧ್ಯೆ ನಿಮ್ ಕಾಲಿದ್ರೆ ಅದನ್ನೂ ಹಿಂಡ್ಕೊಂಡೇ ಬತ್ತದೆ."

ಇಷ್ಟು ಕಣ್ಣಾರೆ ನೋಡಿದೆ. ನೋಡಿದ ಮೇಲೂ ನಾನು ಏನು ಹೇಳಿದೆ ಅಂದರೆ: "ನಿಮ್ಮಪ್ಪ ಒಂದು ತೊಗಲಲ್ಲಿ ನಾಲ್ಕು ಜೊತೆ ತೆಗೀತಿದ್ದ. ನಿನ್ನ ಕೈಲಿ ಆಗಲ್ಲ ಅಂದ್ರೆ ಆಗಲ್ಲ ಅನ್ನು. ನೀರು ಗೀರು ಅಂತ ಆಟ ಕಟ್ಟಬ್ಯಾಡ."

ಆತನ ಅಗಿಯುತ್ತಿದ್ದ ಬಾಯಿ ನಿಂತಿತು. ಎದ್ದು ಹಲಗೆ ತಂದ, ಮೊಳೆ ತಂದ. ಹೊಟ್ಟೆಯ ಕಡೆಯ ತೊಗಲನ್ನು ಇಕ್ಕಳದಲ್ಲಿ ಹಿಡಿದು ಕಾಲು ಕೊಟ್ಟು ಎಳೆದ. ನಾನು ನಿಂತು ನೋಡಿದೆ.

ಚಪ್ಪಲಿ ತಂದುಕೊಟ್ಟಾಗ ಮೂರು ಜೊತೆ ಜಗಲಿ ಮೇಲೆ ಸಾಲಾಗಿ ಇಟ್ಟ. ನಾಲ್ಕನೆಯದನ್ನು ಚೀಲದಿಂದ ಕೊನೆಗೆ ತೆಗೆದ. "ಇದು ಬಿಸಿಲಿಗೆ. ಮಳೆಗೆ ಹಾಕ್ಕೊಂಡು ಇಳೀಬ್ಯಾಡಿ. ನಿಮ್ಮ ಕಾಲಿಗಂತೂ ಬ್ಯಾಡ್ವೇ ಬ್ಯಾಡ." ನನಗೆ ಸಕ್ಕರೆ ಕಾಯಿಲೆ. ಅಳತೆ ತೆಗೆಯುವಾಗ ಆತ ಉಳಿಯ ಹಿಂಬದಿಯಿಂದ ನನ್ನ ಹೆಬ್ಬೆರಳು ಒತ್ತಿದ್ದ, ಕಣ್ಣಿಗೆ ಕಂಡಿತ್ತು, ಬೆರಳಿಗೆ ಗೊತ್ತಾಗಿರಲಿಲ್ಲ. ಆಗಲೇ ಆತನಿಗೆ ಗೊತ್ತಾಗಿತ್ತು, ಈ ಕಾಲಿಗೆ ನೋವು ತಿಳಿಯಲ್ಲ ಅಂತ.

ಸೊಸೆಯರಿಗೆ ಒಳ್ಳೆಯದು ಕೊಟ್ಟು ಎಳೆದದ್ದನ್ನ ಅಮ್ಮ ತಾನಿಟ್ಟುಕೊಂಡಳು ಅಂತ ಮಗಳು ಈಗಲೂ ಹೇಳಿಕೊಂಡು ತಿರುಗುತ್ತಾಳೆ. ಸುಳ್ಳು. ನಾಲ್ವರ ಕಾಲೂ ಹೆಚ್ಚುಕಮ್ಮಿ ಒಂದೇ ಅಳತೆ, ನಾಲ್ಕು ಜೊತೆಯಲ್ಲಿ ಅದೇ ಜಾಸ್ತಿ ಮಿಂಚುತ್ತಿತ್ತು, ಅದಕ್ಕೆ ಇಟ್ಟುಕೊಂಡೆ.

ಜೂನ್ ತಿಂಗಳ ಮಳೆ ಹಿಡಿದಾಗ ನೆರಳಿಗೆ ಬೆಳೆಸಿದ್ದ ಸಿಲ್ವರ್ ಮರವೊಂದು ಕಾಫಿ ಗಿಡಗಳ ಮೇಲೆ ಬಿತ್ತು. ಅದೇ ಚಪ್ಪಲಿ ಮೆಟ್ಟಿಕೊಂಡು ನೋಡೋಕೆ ಹೋದವಳು ಆಳುಗಳ ಜೊತೆ ಸಂಜೆಯ ತನಕ ಒದ್ದೆಯಲ್ಲೇ ನಿಂತೆ. ಕಾಲಿಗೆ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಒಲೆ ಮುಂದೆ ಕೂತಾಗ ದೊಡ್ಡ ಸೊಸೆ, "ಅತ್ತೆ, ನೆಲ ಎಲ್ಲಾ ಏನಿದು ಕೆಂಪಗೆ?" ಅಂದಳು. ಹೆಬ್ಬೆರಳು ತೂರಿಸುವ ಉಂಗುಟ ಮುದುಡಿ ಬೆರಳೊಳಗೆ ಕೂತುಬಿಟ್ಟಿತ್ತು. ಕಳಚೋಕೆ ಆಗಲಿಲ್ಲ. ಮಗ ಗಿಡ ಕತ್ತರಿಸುವ ಕತ್ತರಿ ತಂದು ಕತ್ತರಿಸಿದ. ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಹಾಸನಕ್ಕೆ ಕರೆದುಕೊಂಡು ಹೋದರು, ಬೆರಳು ತೆಗೆದರು. ಬೇರೆ ದಾರಿ ಇರಲಿಲ್ಲ.

ನಾನು ಮನೆಗೆ ವಾಪಸ್ಸು ಬಂದ ಮೇಲೆ ಆತ ಬಂದ. ಲೋಟ ತಂದಿರಲಿಲ್ಲ. ಕಣದ ಅಂಚಿಗೆ ನಿಂತ.

"ಏನಯ್ಯಾ, ಮುಖ ತೋರ್ಸೋಕೆ ಬಂದ್ಯಾ?" ಅಂದ ನನ್ನ ಮಗ.

ಆತ ಮಗನ ಕಡೆ ನೋಡಲಿಲ್ಲ. ನನ್ನ ಕಾಲಿನ ಬ್ಯಾಂಡೇಜು ನೋಡಿದ. "ಎಷ್ಟು ಹೋಯ್ತು ಅಮ್ಮಾರೆ?"

"ಒಂದೇ" ಅಂದೆ. ಮಗನಿಗೆ ಹೇಳಿದೆ: "ಅವನ್ನ ಬೈಬ್ಯಾಡ ಕಣೋ. ಎಳಿ ಅಂದಿದ್ದು ನಾನು."

ಆಗ ಆತ ನನ್ನ ಮೇಲೆ ತಿರುಗಿಬಿದ್ದ. "ನೀವು ಸುಮ್ಕಿರಿ. ಎಳಿ ಅಂದ್ರೆ ಎಳೆಯೋಕೆ, ಬುಡು ಅಂದ್ರೆ ಬುಡೋಕೆ ನಾನೇನು ನಿಮ್ಮನೆ ಎತ್ತಾ? ತೊಗಲು ನನ್ ಕೈಲಿತ್ತು. ಎಳ್ದಿದ್ದು ನಾನು."

"ಕೇಳ್ದ್ಯಾ? ಅವನೇ ಒಪ್ಕೊಂಡ" ಅಂದ ಮಗ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು, ಹೋದ.

ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಮನೆಯವರ ಮುಂದೆ ಪಾಪದವಳಾಗಿ ಮಲಗಿದ್ದೆ, ಅದು ಹಿತವಾಗಿತ್ತು.

ಇಬ್ಬರೇ ಆದಾಗ ಆತ ದನಿ ತಗ್ಗಿಸಿದ. "ನಮ್ಮಪ್ಪನ ಮಾತು ಎತ್ತಿದ್ರಲ್ಲಾ ಅವತ್ತು. ನಮ್ಮಪ್ಪನೂ ಮೂರೇ ತೆಗೀತಿದ್ದಿದ್ದು. ನಾಲ್ಕನೇದು ಹೊಟ್ಟೆ ತೊಗಲು ಎಳೆದು ಮಾಡಿದ್ದೇ. ಅದು ನಿಮ್ಮನೆಯೋರ ಕಾಲಿಗೆ ಒಂದಿನಾನೂ ಬಂದಿಲ್ಲ. ಲೈನಿನೋರಿಗೆ ಹೋಗ್ತಿತ್ತು. ನಿಮ್ಮತ್ತೇರೇ ಆರಿಸಿ ಕೊಡೋರು."

ನಮ್ಮದು ಸಣ್ಣ ತೋಟ, ಆದರೂ ಆಳುಗಳಿಗೆ ಅಂತ ಕಟ್ಟಿದ ಒಂದು ಲೈನು ಇತ್ತು. ನಾನು ಮದುವೆಯಾಗಿ ಬಂದ ಹೊಸತು, ಅಲ್ಲಿಯ ಹೆಂಗಸೊಬ್ಬಳು ಮಳೆ ಶುರುವಾದ ಕೂಡಲೇ ಮೆಟ್ಟು ಕಳಚಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಕೆಸರು ತುಳಿಯುತ್ತಿದ್ದಳು. ಅತ್ತೆ ಜಗಲಿಯಲ್ಲಿ ಕೂತು, "ನೋಡೇ, ಕಾಲಿಗಿಂತ ಮೆಟ್ಟೇ ಜೋಪಾನ ಇವಕ್ಕೆ" ಅಂತ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಬಾಯಿಗೆ ಸೆರಗು ಹಿಡಿದುಕೊಂಡು. ಅವಳು ಯಾಕೆ ಕಳಚುತ್ತಿದ್ದಳು ಅಂತ ನನ್ನ ಬೆರಳು ಹೋದ ಮೇಲೆ ಗೊತ್ತಾಯಿತು. ಅವಳ ಹೆಸರು ನೆನಪಿಗೆ ಬರುತ್ತಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ.

ಮಗ ನನ್ನ ಆ ಚಪ್ಪಲಿಗಳನ್ನು ಗೊಬ್ಬರಗುಂಡಿಗೆ ಎಸೆದಿದ್ದ. ಆತ ಕೆದಕಿ ತೆಗೆದು, ಹೆಗಲ ಟವೆಲ್ಲಿನಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಂಡು ಹೋದ.

ಯಾಕೆ ಒಯ್ದ ಅಂತ ಆಮೇಲೆ ಬಸ್ಸಿನಿಂದ ನೋಡಿದೆ. ಟಾರ್ಪಾಲಿನ ಮುಂದಿನ ಕಂಬಕ್ಕೆ ಮೊಳೆ ಹೊಡೆದು ಅವನ್ನು ನೇತುಹಾಕಿದ್ದ, ಕತ್ತರಿಸಿದ ಉಂಗುಟ ಎದುರಿಗೆ ಕಾಣುವ ಹಾಗೆ. ಕೇಳಿದವರಿಗೆಲ್ಲಾ ಒಂದೇ ಮಾತು: "ಎಳೆದ ತೊಗಲು. ಎಳೆದವನು ನಾನು. ಇದ್ರಾಗೆ ಒಂದು ಬೆರಳು ಹೋಗೈತೆ." ಯಾರ ಬೆರಳು ಅಂದರೆ ಹೇಳುತ್ತಿರಲಿಲ್ಲ. ಯಾರು ಎಳಿ ಅಂದರು ಅಂತಲೂ ಹೇಳಲಿಲ್ಲ. ಮಿಕ್ಕಿದ್ದನ್ನು ನನ್ನ ಮಗ ಕಾಫಿ ಡಿಪೋದಲ್ಲಿ, ಗೊಬ್ಬರದ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ ಹೇಳಿ ಮುಗಿಸಿದ್ದ: ಅವನ ಚಪ್ಪಲಿ ನಮ್ಮಮ್ಮನ ಬೆರಳು ತಿಂತು. ಹೊಸ ಚಪ್ಪಲಿಗೆ ಬರುವವರು ನಿಂತರು. ಬಂದ ಒಬ್ಬಿಬ್ಬರಿಗೂ ಆತನೇ ಮಾಡಲ್ಲ ಅಂದ. ಕೊಡೆ, ಜಿಪ್ಪು, ಹರಿದದ್ದಕ್ಕೆ ಹೊಲಿಗೆ, ಅಷ್ಟೇ. ಸುಣ್ಣದ ತೊಟ್ಟಿ ಒಣಗಿಸಿಬಿಟ್ಟ. ಅಷ್ಟು ಜಂಬದ ಮನುಷ್ಯ ತನ್ನ ತಪ್ಪನ್ನೂ ಜಂಬದಲ್ಲೇ ಇಟ್ಟುಕೊಂಡ, ಇನ್ನೊಬ್ಬರಿಗೆ ಪಾಲು ಕೊಡಲಿಲ್ಲ. ಕೆಲವರು ಅದನ್ನು ದೊಡ್ಡತನ ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತಿತ್ತು. ಮಕ್ಕಳ ಹೊಟ್ಟೆಯ ಮೇಲೆ ಹೊಡೆದುಕೊಂಡು ಎಂಥ ದೊಡ್ಡತನ?

ಆದರೆ ಸಿಟ್ಟು ಹೇಳೋಕೆ ನಾನು ಇಳಿಯಲಿಲ್ಲ. ನಮ್ಮೂರಿಂದ ಆಲೂರಿಗೆ ಹೋಗುವಾಗ ಆತನ ಅಂಗಡಿ ಎಡಕ್ಕೆ ಸಿಗುತ್ತೆ. ನಾನು ಬಲಕ್ಕೆ ಕೂರುತ್ತಿದ್ದೆ. ಬಲಕ್ಕೆ ಸೀಟಿಲ್ಲದಿದ್ದರೆ ನಿಂತೇ ಹೋಗುತ್ತಿದ್ದೆ, ಈ ಕಾಲಲ್ಲಿ. ಒಂದು ಸಲ ಬಸ್ಸು ಅಲ್ಲೇ ಕೆಟ್ಟು ನಿಂತಿತು. ಆತ ಕೂತಲ್ಲಿಂದಲೇ ಕೂಗಿದ: "ಅಮ್ಮಾರೆ, ಆಸ್ಪತ್ರೆಯೋರು ಕೊಟ್ಟ ರಬ್ಬರಿಂದು ಹೆಂಗೈತೆ? ಅಂಚು ಒತ್ತಲ್ಲ ತಾನೆ?" ನಾನು ಡ್ರೈವರನ ತಲೆ ನೋಡುತ್ತಾ ಕೂತೆ, ಕಿವುಡಿಯ ಹಾಗೆ. ಪಕ್ಕದವಳು ಮುಟ್ಟಿ, "ನಿಮ್ಮನ್ನೇ ಕಣವ್ವಾ" ಅಂದಳು. ಆಗಲೂ ತಿರುಗಲಿಲ್ಲ.

ಅದೇ ಕೊನೆ. ಈ ಚಳಿಗಾಲದಲ್ಲಿ ಆತ ಹೋದ. ಮಣ್ಣಿಗೆ ನಾನು ಹೋಗಲಿಲ್ಲ. ಕಾಲು ನೋವು ಅಂದೆ. ನೋವೇ ಗೊತ್ತಾಗದ ಕಾಲು ನನ್ನದು.

ತಿಥಿ ಕಳೆದ ಮೇಲೆ ಒಂದು ಸಂಜೆ ಚಿಕ್ಕ ಸೊಸೆ ಹೊಸಕೋಟೆಯಿಂದ ಬಂದು ಚೀಲ ಇಳಿಸುತ್ತಾ ಹೇಳಿದಳು: "ಆ ಟಾರ್ಪಾಲಲ್ಲಿ ಈಗ ಅವರ ಮಗಳು ಕೂತವ್ಳೆ ಕಣತ್ತೆ. ತೊಟ್ಟಿಗೆ ಮತ್ತೆ ಸುಣ್ಣ ಹಾಕಿದಾಳಂತೆ, ಹೊಸ ಚಪ್ಪಲಿ ಮಾಡ್ತೀನಿ ಅಂತಾಳೆ. ಒಬ್ರೂ ಹೋಗ್ತಿಲ್ಲ. ಬೆರಳು ತಿನ್ನೋರ ಅಂಗಡಿ ಅಂತಾರೆ. ಅವಳೋ, ಆ ಚಪ್ಪಲಿ ಮೊಳೆಯಿಂದ ತೆಗೆದೂ ಇಲ್ಲ."

"ಯಾಕಂತೆ?"

"ಅಪ್ಪ ತೆಗೀಬ್ಯಾಡ ಅಂದವ್ನೆ ಅಂತಾಳೆ."

ಮಗ ಮೊಬೈಲು ನೋಡುತ್ತಾ, "ಹಂಗಾದ್ರೆ ಉಪವಾಸ ಕೂರ್ಲಿ" ಅಂದ.

"ನಿನ್ನ ಬಾಯಿಂದಲೇ ಉಪವಾಸ ಕೂತಿರೋದು ಅವಳು" ಅಂದೆ. "ಎಳಿ ಅಂದಿದ್ದು ನಾನು ಅಂತ ಅವತ್ತೇ ಹೇಳಿದ್ದೆ. ನಿನಗೆ ಕೇಳ್ಸಿತ್ತು." ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ಕೇಳಿಸಿತ್ತು ಅಂತ ಅದರಲ್ಲೇ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತಿ ಎಡಗಡೆ ಕಿಟಕಿಗೆ ಕೂತೆ. ಹೊಸಕೋಟೆಯಲ್ಲಿ ಇಳಿದು ಸೀದಾ ಟಾರ್ಪಾಲಿನ ಕೆಳಗೆ ಹೋದೆ. ಆತನ ಮಗಳು ಅಪ್ಪನ ಹಾಗೇ ಮೊದಲು ಕಾಲು ನೋಡಿದಳು, ಆಮೇಲೆ ಮುಖ. ಅಪ್ಪನ ಆ ದೊಡ್ಡ ಲೋಟದಲ್ಲಿ ಉಳಿ, ತೊಗಲು ಕೊಯ್ಯುವ ರಂಪಿಗೆ ಸಿಕ್ಕಿಸಿಟ್ಟಿದ್ದಳು. ನನ್ನ ಚಪ್ಪಲಿ ತಲೆಯ ಮೇಲೆಯೇ ನೇತಾಡುತ್ತಿತ್ತು.

ಬೆರಳು ಹೋದಾಗಿನಿಂದ ಮನೆಯ ಹೊರಗೆ ನಾನು ಕಾಲುಚೀಲ ತೆಗೆದವಳಲ್ಲ. ಅಲ್ಲಿ ಕಲ್ಲಿನ ಮೇಲೆ ಕೂತು ತೆಗೆದೆ. ಕಾಲು ಅವಳ ಮುಂದಿನ ಹಲಗೆ ಮೇಲೆ ಇಟ್ಟೆ.

"ಅಳತೆ ತಗೊ."

"ಬೆನ್ನಿನ ತೊಗಲು ಈಗ ಇಲ್ಲ ಅವ್ವಾರೆ. ಹದ ಆಗ್ಬೇಕು. ತಡ ಆಯ್ತದೆ."

"ಆಗ್ಲಿ. ಇದ್ದಷ್ಟರಲ್ಲಿ ಎಳೆದು ಮಾಡೋದು ಮಾತ್ರ ಬ್ಯಾಡ."

ಬಸ್ಸಿಗೆ ಕಾಯುತ್ತಿದ್ದವರು ಸುತ್ತ ಬಂದು ನಿಂತಿದ್ದರು. ಕಾಫಿ ಚೀಲದ ಮೇಲೆ ಕೂತಿದ್ದ ಒಬ್ಬ ಮೇಲೆ ಕೈ ತೋರಿಸಿ, "ಅದೇನಾ ಬೆರಳು ತಿಂದ ಚಪ್ಪಲಿ? ಯಾರದು ಅದು?" ಅಂದ.

"ನಂದು" ಅಂದೆ. "ಆಗಲ್ಲ ಅಂದ್ರೂ ಕೇಳದೆ ಎಳೆಸಿದವಳೂ ನಾನೇ. ಅವಳಪ್ಪ ನೀರಲ್ಲಿ ಅದ್ದಿ ತೋರಿಸಿದ್ದ. ಕೇಳೋದು ಇನ್ನೇನಾದ್ರೂ ಇದ್ರೆ ನನ್ನ ಕೇಳಿ, ಅವಳ್ನ ಬ್ಯಾಡ."

ಆಲೂರಿನ ಬಸ್ಸು ಬಂತು, ಕೆಲವರು ಹತ್ತಿದರು, ಕೆಲವರು ಹತ್ತಲಿಲ್ಲ. ಮಗಳು ರಟ್ಟಿನ ಮೇಲೆ ನನ್ನ ಕಾಲಿನ ಸುತ್ತ ಪೆನ್ಸಿಲ್ಲು ಓಡಿಸಿಕೊಂಡು ಬಂದಳು. ಹೆಬ್ಬೆರಳು ಇರಬೇಕಾದ ಜಾಗಕ್ಕೆ ಬಂದಾಗ ಕೈ ನಿಂತಿತು. ನನ್ನ ಮುಖ ನೋಡಿದಳು.

"ಇದ್ದ ಹಾಗೇ ಬರಿ" ಅಂದೆ.